ಇವತ್ತೇ ಬೇಕು: ‘ಡೆಲಿಂಕ್ವೆಂಟ್ ಡೆಟ್’ ಅಂದರೆ ಸುಸ್ತಿ ಸಾಲವೇ?

ಕಾಸರಗೋಡಿನಿಂದ:
ಅಮೆರಿಕ ಸರಕಾರದ ಸೆಕ್ಯುರಿಟಿ ಕ್ಲಿಯರೆನ್ಸ್ (ಗುಪ್ತ ಮಾಹಿತಿ ನೋಡಲು ಕೊಡುವ ಅನುಮತಿ) ಕುರಿತ ಮಾಹಿತಿಪತ್ರದ ಅನುವಾದ ಸಂಜೆಯೊಳಗೆ ಕೊಡಬೇಕು. ಎಸ್‌ಎಫ್-86 ಅರ್ಜಿಯ 26ನೇ ವಿಭಾಗದಲ್ಲಿ ಕೇಳುತ್ತಾರೆ: ಕಳೆದ 7 ವರ್ಷಗಳಲ್ಲಿ ಯಾವುದಾದರೂ ಸಾಲ 120 ದಿನ ಮೀರಿ ‘ಡೆಲಿಂಕ್ವೆಂಟ್’ ಆಗಿತ್ತೇ? ಖಾತೆ ‘ಚಾರ್ಜ್ ಆಫ್’ ಆಗಿತ್ತೇ? ಮೊದಲನೆಯದಕ್ಕೆ ‘ಸುಸ್ತಿ’, ಎರಡನೆಯದಕ್ಕೆ ‘ಮನ್ನಾ’ ಎಂದು ಹಾಕಿದ್ದೇನೆ.

ಬದಿಯಡ್ಕದಿಂದ:
ಮನ್ನಾ ಅಳಿಸಿ, ಮೊದಲು. ಚಾರ್ಜ್ ಆಫ್ ಅಂದರೆ ಬ್ಯಾಂಕು ತನ್ನ ಪುಸ್ತಕದಲ್ಲಿ ನಷ್ಟವೆಂದು ಬರೆದುಕೊಂಡದ್ದು. ಸಾಲಗಾರನ ಹೊಣೆ ಹಾಗೇ ಇರುತ್ತದೆ. ಮನ್ನಾ ಆಯಿತೆಂದು ನಂಬಿ ‘ಇಲ್ಲ’ ಎಂದು ಬರೆದವನ ಸಾಲ ಕ್ರೆಡಿಟ್ ವರದಿಯಲ್ಲಿ ಸಿಕ್ಕಿದರೆ, ಬೇಕೆಂದೇ ಮುಚ್ಚಿಟ್ಟನೇ ಎಂಬ ಇನ್ನೊಂದು ಪ್ರಶ್ನೆ ಏಳುತ್ತದೆ. ಅದು ಸಾಲಕ್ಕಿಂತ ಕಷ್ಟದ್ದು. ‘ನಷ್ಟಕ್ಕೆ ಬರೆದ ಖಾತೆ’ ಎನ್ನಿ. ಸುಸ್ತಿಗೆ ಎನ್‌ಪಿಎ (ಅನುತ್ಪಾದಕ ಸಾಲ) ಎಂದೂ ಬೇಡ. ನಮ್ಮ ಬ್ಯಾಂಕುಗಳ ಆ ಲೆಕ್ಕ 90 ದಿನದ್ದು.

ಹೊಸೂರಿನಿಂದ:
ಸುಸ್ತಿ ಪಾರಸಿ. ಅಲ್ಲಿ ಅದಕ್ಕೆ ಸಡಿಲು, ಸೋಮಾರಿತನ ಎಂದು ಅರ್ಥ. ನಮ್ಮ ‘ಸುಸ್ತು’ ಬಂದದ್ದೂ ಅಲ್ಲಿಂದಲೇ. ‘ಕಡ’ ಇರುವಾಗ ಇದೇಕೆ? ತಮಿಳಿನ ಕಡನ್, ಮಲಯಾಳದ ಕಡಂ ಅದರ ಒಡಹುಟ್ಟುಗಳು. ‘ಗಡು ಮೀರಿದ ಕಡ’. ಮುಗಿಯಿತು.

ಕುಂಬಳೆಯಿಂದ:
ಎಲ್ಲಿ ಮುಗಿಯಿತು ಮಾಸ್ಟ್ರೇ? ಸುಸ್ತಿಯ ಹಿಂದೆ ಬಾಕಿ, ವಸೂಲಿ, ಜಾಮೀನು, ಜಪ್ತಿ ಎಲ್ಲವೂ ಹೊರಡಬೇಕಷ್ಟೆ. ಸಹಕಾರಿ ಸಂಘದ ಬಾಗಿಲೇ ಹಾಕಬೇಕಾದೀತು. ‘ಸುಸ್ತಿದಾರ’ ಅಂದರೆ ಕರ್ನಾಟಕದ ರೈತನಿಗೆ ವಿವರಿಸಬೇಕಾಗಿಲ್ಲ. ಕೇರಳದ ನಮ್ಮ ನೋಟಿಸುಗಳಲ್ಲಿ ಕಾಣುವುದು ಮಲಯಾಳದ ‘ಕುಡಿಶ್ಶಿಕ’ (ಬಾಕಿ), ಅದು ಬೇರೆ ಮಾತು.

ಹೊಸೂರಿನಿಂದ:
ಮಲಯಾಳದ ನೋಟಿಸು ಕನ್ನಡಕ್ಕೆ ಸಾಕ್ಷಿಯಲ್ಲ.

ಬದಿಯಡ್ಕದಿಂದ:
ಸುಸ್ತಿಯೇ ಇರಲಿ. ಎಡವುವ ಜಾಗ ಬೇರೆಯೇ ಇದೆ. ಅರ್ಜಿದಾರನ ಹಣಕಾಸನ್ನು ತೂಗುವ ಗೈಡ್‌ಲೈನ್ ಎಫ್‌ನಲ್ಲಿ ಕೈಲಾಗದೆ ಕಟ್ಟದಿರುವುದು ಒಂದು, ಕೈಲಾದರೂ ಮನಸ್ಸಿಲ್ಲದಿರುವುದು ಇನ್ನೊಂದು. ಎರಡಕ್ಕೂ ‘ಪಾವತಿಸದ’ ಎಂದರೆ ಕೆಟ್ಟಿತು. ‘ತೀರಿಸಲಾರದ’, ‘ತೀರಿಸಲೊಲ್ಲದ’ – ಕನ್ನಡದಲ್ಲಿ ಸಿದ್ಧವಾಗಿಯೇ ಇವೆ. ಕೆಲಸ ಹೋದದ್ದು, ಕಾಯಿಲೆ, ವಿಚ್ಛೇದನದಂಥ ಕೈಮೀರಿದ ಕಾರಣವಿದ್ದು, ಆಗಲೂ ಹೊಣೆಯರಿತು ನಡೆದವನಿಗೆ ದಾರಿಯಿದೆ. ಕಂತಿನ ಒಪ್ಪಂದ ಮಾಡಿ ಕಟ್ಟುತ್ತಿರುವ ರಸೀದಿಗಳಿದ್ದರೆ ಇನ್ನೂ ಒಳ್ಳೆಯದು. ‘ಮಿಟಿಗೇಟಿಂಗ್’ಗೆ ರಿಯಾಯಿತಿ ಎನ್ನಬೇಡಿ, ‘ಆಕ್ಷೇಪ ತಗ್ಗಿಸುವ ಸಂಗತಿ’. ಇಷ್ಟು ಸಾಲ ಮೀರಿದರೆ ಅನರ್ಹ ಎಂಬ ಮೊತ್ತ ಆ ಗೈಡ್‌ಲೈನ್‌ನಲ್ಲಿಲ್ಲ; ಅನುವಾದದಲ್ಲಿ ಸೇರಿಸಬೇಡಿ.

ಕಾಸರಗೋಡಿನಿಂದ:
‘120 ದಿನ ಮೀರಿದ ಸುಸ್ತಿ ಸಾಲ’, ‘ನಷ್ಟಕ್ಕೆ ಬರೆದ ಖಾತೆ’, ಲಾರದ, ಲೊಲ್ಲದ. ಹೀಗೇ ಕಳಿಸುತ್ತಿದ್ದೇನೆ.

ಹೊಸೂರಿನಿಂದ:
ರಸೀದಿಯೂ ಪಾರಸಿ.