ನಮ್ಮ ಫಜರ್‌ಗೆ ಯಾವ ಆಪ್ಷನ್ ಮೊದ್ಲು ಹಾಕ್ಲಿ? ಅನುಭವ ಇರೋರು ಹೇಳಿ

ಕೇಳಿದ್ದು:

ಎಲ್ರಿಗೂ ನಮಸ್ಕಾರ. ನಮ್ಮ ಆಫೀಸಲ್ಲಿ ನುಡಿಯಲ್ಲಿ ಟೈಪ್ ಮಾಡಿರೋ ಹಳೇ ಫೈಲುಗಳನ್ನ ಯೂನಿಕೋಡ್‌ಗೆ ತರೋ ಕನ್ವರ್ಟರ್ ಒಂದಿದೆ, ಅದು ಆಗಾಗ ಸುಮ್‌ಸುಮ್ನೆ ಸಾಯ್ತಿತ್ತು, ಯಾಕೆ ಅಂತ ಹುಡುಕೋಕೆ ಎರಡು ವರ್ಷದ ಹಿಂದೆ ಪೈಥಾನಲ್ಲಿ ಒಂದು ಚಿಕ್ಕ ಫಜರ್ ಬರ್ದೆ. ಏನಿಲ್ಲ, ಒಂದು ಫೋಲ್ಡರಿಂದ ಸ್ಯಾಂಪಲ್ ಫೈಲ್ ತಗೊಳ್ಳುತ್ತೆ, ಅಲ್ಲೊಂದು ಇಲ್ಲೊಂದು ಬೈಟ್ ಕೆಡಿಸುತ್ತೆ, ಕನ್ವರ್ಟರ್ ಬಾಯಿಗೆ ಹಾಕುತ್ತೆ, ಅದು ಬಿದ್ರೆ ಆ ಫೈಲನ್ನ ಎತ್ತಿಡುತ್ತೆ. ಈಗ ಬೇರೆ ಮೂರು ಟೀಮಿನೋರೂ ಇದನ್ನೇ ಬಳಸೋಕೆ ಶುರು ಮಾಡಿದಾರೆ, ದಿನಕ್ಕೊಂದು ಬೇಡಿಕೆ. ಒಬ್ರಿಗೆ ಟೈಮೌಟ್ (ಇಷ್ಟು ಹೊತ್ತಲ್ಲಿ ಮುಗೀದಿದ್ರೆ ನಿಲ್ಲಿಸೋದು) ಬೇಕು, ಒಬ್ರಿಗೆ ಡಿಕ್ಷನರಿ (ಫೈಲ್ ಕೆಡಿಸೋವಾಗ ತುರುಕೋಕೆ ಮೊದ್ಲೇ ಬರ್ದಿಟ್ಟ ತುಂಡುಗಳ ಪಟ್ಟಿ) ಬೇಕು, ಇನ್ನೊಬ್ರಿಗೆ ಎಂಟು ಕೋರ್ ಮೇಲೂ ಒಟ್ಟಿಗೆ ಓಡ್ಬೇಕು, ಮ್ಯಾನೇಜರ್‌ಗೆ ಬಣ್ಣಬಣ್ಣದ ಸ್ಕ್ರೀನ್ ಬೇಕಂತೆ. ನನ್ಗೆ ಇದಕ್ಕೆ ಸಿಗೋದು ವಾರಕ್ಕೆ ಒಂದು ಮಧ್ಯಾಹ್ನ. ಎಎಫ್‌ಎಲ್ ಪ್ಲಸ್ ಪ್ಲಸ್ ಥರ ಹೆಸರಾದ ರೆಡಿ ಫಜರ್ ಇರೋವಾಗ ಇದ್ಯಾಕೆ ಅಂತೀರಿ, ಗೊತ್ತು, ಆದ್ರೆ ಕನ್ವರ್ಟರ್‌ನ ಸೋರ್ಸ್ ನಮ್ಮತ್ರ ಇಲ್ಲ, ಬರೀ ವಿಂಡೋಸ್ ಬೈನರಿ. ಮೊದ್ಲು ಯಾವ್ದಕ್ಕೆ ಕೈ ಹಾಕ್ಲಿ? ಮಾಡಿ ಕೈ ಸುಟ್ಕೊಂಡೋರು ಹೇಳಿದ್ರೆ ಇನ್ನೂ ಒಳ್ಳೇದು.

ರಾತ್ರಿಪಾಳಿ:

ಸೀಡ್. ಬೇರೆ ಯಾವ್ದೂ ಅಲ್ಲ ಗುರು, ಮೊದ್ಲು ಸೀಡ್ ಆಪ್ಷನ್ ಹಾಕು. ಸೀಡ್ ಅಂದ್ರೆ ರ‍್ಯಾಂಡಮ್ ಲೆಕ್ಕ ಶುರುವಾಗೋ ನಂಬರು, ಅದೇ ನಂಬರ್ ಕೊಟ್ರೆ ಅದೇ ಓಟ ಮತ್ತೆ ಬರುತ್ತೆ. ನಮ್ಮ ಹಳೇ ಕಂಪನಿಯಲ್ಲಿ ಇಂಥದ್ದೇ ಮನೆಯಲ್ಲಿ ಮಾಡಿದ ಟೂಲ್ ಇತ್ತು, ರ‍್ಯಾಂಡಮ್ ನಂಬರಿಗೆ ಗಡಿಯಾರದ ಟೈಮ್ ತಗೊಳ್ತಿತ್ತು, ಎಲ್ಲೂ ಪ್ರಿಂಟ್ ಮಾಡ್ತಿರ್ಲಿಲ್ಲ. ಒಂದು ಶುಕ್ರವಾರ ರಾತ್ರಿ ಟಾರ್ಗೆಟ್ (ನಾವು ಪರೀಕ್ಷೆ ಮಾಡ್ತಿದ್ದ ಪ್ರೋಗ್ರಾಮ್) ಜೊತೆಗೆ ಮೆಷಿನ್ನೇ ಫ್ರೀಜ್ ಆಯ್ತು. ಕ್ರಾಶ್ ಆದ್ಮೇಲೆ ಫೈಲ್ ಸೇವ್ ಮಾಡೋ ಥರ ಬರ್ದಿದ್ವಲ್ಲ, ಸೇವ್ ಮಾಡೋಕೆ ಟೂಲೇ ಬದುಕಿರ್ಲಿಲ್ಲ. ಮೂರು ವಾರ ಓಡಿಸಿದ್ರೂ ಅದು ಮತ್ತೆ ಬರ್ಲಿಲ್ಲ, ಡೆವಲಪರು ನೀವು ಕನಸು ಕಂಡಿದೀರ ಅಂದ್ರು, ತೋರಿಸೋಕೆ ನಮ್ಮತ್ರ ಏನಿತ್ತು?

ಲಿಬ್‌ಫಜರ್ ಅಂತ ಇನ್ನೊಂದು ರೆಡಿ ಟೂಲಿದೆ, ಓಡಿಸಿ ನೋಡು, ಶುರುವಲ್ಲೇ ಸೀಡ್ ಇಷ್ಟು ಅಂತ ಬರ್ದುಬಿಡುತ್ತೆ, ನೀನು ಕೇಳಿರು ಬಿಟ್ಟಿರು. ಎಎಫ್‌ಎಲ್ ಪ್ಲಸ್ ಪ್ಲಸಲ್ಲೂ ಮೈನಸ್ ಎಸ್ ಕೊಟ್ಟು ಸೀಡ್ ಫಿಕ್ಸ್ ಮಾಡ್ಬಹುದು. ಹಂಗೇ ಇನ್ನೊಂದು, ಇನ್‌ಪುಟ್ ಫೈಲನ್ನ ಟಾರ್ಗೆಟ್‌ಗೆ ಕೊಡೋಕೆ ಮುಂಚೇನೇ ಡಿಸ್ಕಿಗೆ ಬರಿ, ಬಿದ್ದಾದ್ಮೇಲೆ ಅಲ್ಲ.

ಹುಬ್ಬಳ್ಳಿ ಲಿನಕ್ಸ್:

ಸೀಡ್ ಖರೇ ಬೇಕ್ರಿ, ಆದ್ರ ನನ್ನ ಕೇಳಿದ್ರ ಟೈಮೌಟ್ ಮೊದ್ಲ. ಟೈಮೌಟ್ ಇಲ್ದ ಫಜರ್ ರಾತ್ರಿ ಹಚ್ಚಿ ಮನಿಗೆ ಹೋಗ್ರಿ, ಮುಂಜಾನೆ ಬಂದು ನೋಡಿದ್ರ 40ನೇ ಫೈಲಿಗೇ ಕುಂತಿರ್ತೈತಿ, ಇಡೀ ರಾತ್ರಿ ಕರೆಂಟ್ ಬಿಲ್ಲಷ್ಟೇ ಲಾಭ.

ಇದ್ರಾಗ ಒಂದು ಮಜಾ ಐತ್ರಿ. ನಾ ಟೈಮೌಟ್ 200 ಮಿಲಿಸೆಕೆಂಡ್ ಇಟ್ಟಿದ್ದೆ, ಒಂದಿನ ಹ್ಯಾಂಗ್ಸ್ ಫೋಲ್ಡರ್‌ನಾಗ ಸಾವಿರಾರು ಫೈಲ್ ಬಿದ್ದಿದ್ವು, ಭಾಳ ಖುಷಿ ಆತು. ಒಂದೊಂದ ತಗದು ಕೈಲೆ ಓಡಿಸಿ ನೋಡಿದ್ರ ಎಲ್ಲಾ ಚೊಲೋನ ಅದಾವ! ಕಡೀಗೆ ಗೊತ್ತಾಗಿದ್ದು ಏನಂದ್ರ ಆ್ಯಂಟಿವೈರಸ್ ಹೊಸಾ ಟೆಂಪ್ ಫೈಲ್ ಬಂದ ಕೂಡ್ಲೇ ಒಂದೊಂದನ್ನೂ ಹಿಡಿದು ಮೂಸಿ ನೋಡ್ತಿತ್ತು, ಅದಕ್ಕ ತಡ. ನಿಮ್ದೂ ವಿಂಡೋಸ್ ಅಂದ್ರಿ, ಆ ಫೋಲ್ಡರ್ ಸ್ಕ್ಯಾನಿಂಗಿನಿಂದ ಹೊರಗ ಇಡಸ್ರಿ. ಎಎಫ್‌ಎಲ್‌ನಾಗ ಇದಕ್ಕ ಉಪಾಯ ಅದ, ಸಣ್ಣ ಟೈಮೌಟಿಗೆ ಸಿಕ್ಕಿದ್ದನ್ನ ಲಗೂನ ಹ್ಯಾಂಗ್ ಅಂತ ಬರ‍್ಯಾಂಗಿಲ್ಲ, ಇನ್ನೊಮ್ಮೆ ಜಾಸ್ತಿ ಟೈಮ್ ಕೊಟ್ಟು ಓಡಿಸಿ ಆಗೂ ಮುಗೀಲಿಲ್ಲಂದ್ರನ ಹ್ಯಾಂಗ್. ನೀವೂ ಹಂಗ ಎರಡು ಟೈಮೌಟ್ ಇಡ್ರಿ, ಆಪ್ಷನ್ ಮಾತ್ರ ಒಂದ ತೋರಸ್ರಿ, ಎರಡನೇದು ಒಳಗ ಇರ್ಲಿ.

ಹಳೇ ಸಿ ಮೇಷ್ಟ್ರು:

ಮೇಲಿನ ಇಬ್ಬರೂ ಸರಿಯಾಗೇ ಹೇಳಿದಾರೆ. ನಾನು ಹೇಳೋದು ಯಾವ ಆಪ್ಷನ್ ಅನ್ನೋದರ ಬಗ್ಗೆ ಅಲ್ಲ, ಎಷ್ಟು ಅನ್ನೋದರ ಬಗ್ಗೆ.

ಈ ಫಜ್ ಅನ್ನೋ ಹೆಸರು ಬಂದಿದ್ದು 1988ರಲ್ಲಿ, ವಿಸ್ಕಾನ್ಸಿನ್ ಯೂನಿವರ್ಸಿಟಿಯ ಬಾರ್ಟನ್ ಮಿಲ್ಲರ್ ಅವರಿಂದ. ಗುಡುಗು ಮಳೆಯ ರಾತ್ರಿ ಮನೆಯಿಂದ ಫೋನ್ ಲೈನಲ್ಲಿ ಲಾಗಿನ್ ಆಗಿದ್ರಂತೆ, ಲೈನಿನ ಕರಕರಕ್ಕೆ ಕಸದ ಅಕ್ಷರ ಸೇರ್ಕೊಂಡು ಪ್ರೋಗ್ರಾಮ್‌ಗಳು ಪಟಪಟ ಬೀಳ್ತಿದ್ವು, ಅದನ್ನೇ ಹುಡುಗರಿಗೆ ಕ್ಲಾಸ್ ಪ್ರಾಜೆಕ್ಟ್ ಮಾಡಿಕೊಟ್ರು. 1990ರ ಅವರ ಪೇಪರ್ ಪ್ರಕಾರ ಯುನಿಕ್ಸ್‌ನ ಯಾವ ವರ್ಷನ್ ತಗೊಂಡ್ರೂ ನೂರಕ್ಕೆ 25ರಿಂದ 33 ಯುಟಿಲಿಟಿಗಳು ಬಿದ್ವು ಇಲ್ಲ ನಿಂತುಹೋದ್ವು. ಅವರ ಟೂಲಲ್ಲಿದ್ದ ಆಪ್ಷನ್ ಬೆರಳೆಣಿಕೆಯಷ್ಟು: ಪ್ರಿಂಟ್ ಆಗೋ ಅಕ್ಷರ ಮಾತ್ರ ಕೊಡು, ಸೊನ್ನೆ ಬೈಟೂ ಸೇರಿಸು, ಕೊಟ್ಟಿದ್ದನ್ನ ಫೈಲಲ್ಲಿ ಬರ್ದಿಡು, ಬರ್ದಿಟ್ಟಿದ್ದನ್ನ ಮತ್ತೆ ಆಡಿಸು, ಇಂಥವು. ರಾತ್ರಿಪಾಳಿಯವರು ಕೇಳ್ತಿರೋದು ಆಗ್ಲೇ ಇತ್ತು ನೋಡಿ.

ಈಗ ಎಎಫ್‌ಎಲ್ ಪ್ಲಸ್ ಪ್ಲಸ್ ನೋಡಿ. ಇಂಗ್ಲಿಷ್ ಅಕ್ಷರ ಚಿಕ್ಕದು ದೊಡ್ಡದು ಸೇರಿ 52, ಅದರಲ್ಲಿ ಮುಕ್ಕಾಲುಪಾಲು ಆಗ್ಲೇ ಯಾವುದೋ ಒಂದು ಆಪ್ಷನ್ನಿಗೆ ಹೋಗಿದೆ, ಉಳಿದಿದ್ದೆಲ್ಲ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ (ಓಡಿಸೋಕೆ ಮುಂಚೆ ಟೂಲಿನ ಹೊರಗೆ ಇಡೋ ಸೆಟ್ಟಿಂಗು) ತಳ್ಳಿದಾರೆ, ಅವೂ ಡಜನ್‌ಗಟ್ಟಲೆ. ಬೈತಿಲ್ಲ, ಅಷ್ಟು ದೊಡ್ಡ ಟೂಲಿಗೆ ಅದು ಬೇಕೇ ಬೇಕು. ಆದ್ರೆ ವೇರಿಯಬಲ್‌ನ ಹೆಸರಲ್ಲಿ ಒಂದಕ್ಷರ ತಪ್ಪಿದ್ರೆ ಕೇಳೋರು ಯಾರು? ಒಂದಿಡೀ ವಾರ ಒಂದು ಸೆಟ್ಟಿಂಗ್ ಆನ್ ಇದೆ ಅಂದ್ಕೊಂಡು ಓಡಿಸಿದ್ದೀನಿ, ಸ್ಪೆಲ್ಲಿಂಗ್ ತಪ್ಪಾಗಿತ್ತು. ಅವರು ಈಗ ಅದಕ್ಕೂ ವ್ಯವಸ್ಥೆ ಮಾಡಿದಾರೆ, ಗೊತ್ತಿಲ್ಲದ ಹೆಸರು ಕಂಡ್ರೆ ಎಚ್ಚರಿಕೆ ಕೊಟ್ಟು, ನೀವು ಹೇಳಿದ್ದು ಇದಾ ಅಂತ ಹತ್ತಿರದ ಹೆಸರನ್ನೂ ತೋರಿಸುತ್ತೆ. ನಿಮ್ಮ ಟೂಲಲ್ಲಿ ಗೊತ್ತಿಲ್ಲದ ಆಪ್ಷನ್ ಬಂದ್ರೆ ಸುಮ್ನೆ ನುಂಗ್ಕೋಬೇಡಿ, ಅಲ್ಲೇ ನಿಲ್ಲಿಸಿ.

ಇನ್ನೊಂದು ಮಾತು. 2022ರ ಜನವರಿಯಲ್ಲಿ ಅವರ 4.00ಸಿ ವರ್ಷನ್ ಬಂದಾಗ ಸ್ಟ್ಯಾಟ್ಸ್ ಫೈಲಿನ ಒಳಗಿರೋ ಲೆಕ್ಕಗಳ ಹೆಸರುಗಳು ಬದಲಾದ್ವು, ಟೋಟಲ್ ಪಾತ್ಸ್ ಅಂತಿದ್ದಿದ್ದು ಕಾರ್ಪಸ್ ಕೌಂಟ್ ಆಯ್ತು, ಯೂನೀಕ್ ಕ್ರಾಶಸ್ ಹೋಗಿ ಸೇವ್ಡ್ ಕ್ರಾಶಸ್ ಬಂತು. ಹೊಸ ಹೆಸರೇ ಸರಿಯಾದದ್ದು, ಸ್ಕ್ರಿಪ್ಟ್ ತಿದ್ದಬೇಕಾಗಬಹುದು ಅಂತ ಬರ್ದೂ ಇದ್ರು. ನಾನು ಓದಿರ್ಲಿಲ್ಲ. ನನ್ನ ರಿಪೋರ್ಟ್ ಸ್ಕ್ರಿಪ್ಟ್ ಎರಡು ತಿಂಗಳು ಕ್ರಾಶ್ ಸೊನ್ನೆ ಅಂತ ಮೇಲ್ ಕಳಿಸ್ತಾ ಇತ್ತು, ಎಲ್ಲರೂ ಕೋಡ್ ಸುಧಾರಿಸಿದೆ ಅಂತ ಸಂತೋಷವಾಗಿದ್ರು! ಮೂರು ಟೀಮ್ ಬಳಸ್ತಾ ಇದೆ ಅಂದ್ರಲ್ಲ, ಇವತ್ತಿಡೋ ಹೆಸರು ಯೋಚಿಸಿ ಇಡಿ.

ಅಕ್ಕಿರೊಟ್ಟಿ:

ಡಿಕ್ಷನರಿ ಬಗ್ಗೆ ಯಾರೂ ಮಾತಾಡ್ಲಿಲ್ಲ, ನಾನು ಹೇಳ್ತೀನಿ, ಯಾಕಂದ್ರೆ ನಾನೂ ಇಂಥದ್ದೇ ಕನ್ವರ್ಟರ್ ಜೊತೆ ಒದ್ದಾಡಿದೀನಿ. ಡಿಕ್ಷನರಿ ಅಂದ ತಕ್ಷಣ ಕನ್ನಡ ಅಲ್ವಾ ಅಂತ ಯುಟಿಎಫ್ 8ರ ಹಲಂತದ ಮೂರು ಬೈಟು, ಇ0 ಬಿ3 8ಡಿ, ಆಮೇಲೆ ಆ ಕಣ್ಣಿಗೆ ಕಾಣದ ಜಾಯ್ನರ್, ಎಲ್ಲಾ ತುಂಬಿಸ್ಬಿಟ್ಟಿದ್ದೆ. ಒಂದು ಚೂರೂ ಉಪಯೋಗ ಆಗ್ಲಿಲ್ಲ. ಯಾಕಾಗುತ್ತೆ ಹೇಳಿ, ಇನ್‌ಪುಟ್ಟು ಯೂನಿಕೋಡೇ ಅಲ್ಲ, ನುಡಿ ಫೈಲಲ್ಲಿರೋದು ಅಕ್ಷರ ಅಲ್ಲ, ಅಕ್ಷರದ ತುಂಡುಗಳು. ದೀರ್ಘ ಬೇರೆ ತುಂಡು, ಒತ್ತು ಬೇರೆ, ಅರ್ಕಾವತ್ತು ಬೇರೆ.

ಆ ಅರ್ಕಾವತ್ತಲ್ಲೇ ಇರೋದು ಕಥೆ. ಸೂರ್ಯ ಅಂತ ಬರೀರಿ, ನುಡಿಯಲ್ಲಿ ಕಣ್ಣಿಗೆ ಕಂಡ ಹಾಗೆ ಮೊದ್ಲು ಸೂ, ಆಮೇಲೆ ಯ, ಕೊನೇಲಿ ಅರ್ಕಾವತ್ತು. ಯೂನಿಕೋಡಲ್ಲಿ ಮಾತಿನ ಕ್ರಮ, ರ ಮತ್ತು ಹಲಂತ ಮೊದ್ಲು ಬರ್ಬೇಕು, ಯ ಆಮೇಲೆ. ಅಂದ್ರೆ ಕನ್ವರ್ಟರು ಅರ್ಕಾವತ್ತು ನೋಡಿದ ತಕ್ಷಣ ಹಿಂದಕ್ಕೆ ಹೋಗಿ ವ್ಯಂಜನ ಎಲ್ಲಿದೆ ಅಂತ ಹುಡುಕಿ ಅದರ ಮುಂದೆ ಕೂರಿಸ್ಬೇಕು. ಹಿಂದೆ ವ್ಯಂಜನಾನೇ ಇಲ್ದೆ ಹೋದ್ರೆ? ಫೈಲಿನ ಮೊದಲ ಬೈಟೇ ಅರ್ಕಾವತ್ತಾದ್ರೆ? ಎರಡು ಅರ್ಕಾವತ್ತು ಒಟ್ಟಿಗೆ ಬಂದ್ರೆ? ಟೈಪ್ ಮಾಡೋ ಮನುಷ್ಯರು ಹಾಗೆ ಬರಿಯಲ್ಲ, ಅದಕ್ಕೇ ಬರ್ದೋರು ಯಾರೂ ಯೋಚಿಸಿರಲ್ಲ. ಸುಮ್ನೆ ಬೈಟ್ ಕೆಡಿಸ್ತಾ ಕೂತ್ರೆ ಸರಿಯಾದ ಜಾಗದಲ್ಲಿ ಅದೇ ತುಂಡು ಬೀಳೋಕೆ ಬಹಳ ಹೊತ್ತು ಬೇಕು. ಹತ್ತು ಹನ್ನೆರಡು ತುಂಡು ಒಂದು ಟೆಕ್ಸ್ಟ್ ಫೈಲಲ್ಲಿ ಬರ್ದು, ಎಎಫ್‌ಎಲ್‌ನ ಮೈನಸ್ ಎಕ್ಸ್ ಥರ ಒಂದು ಆಪ್ಷನ್ ಕೊಡಿ ಸಾಕು, ಕೋಡು ಇಪ್ಪತ್ತು ಲೈನೂ ಆಗಲ್ಲ.

ಬೈಟ್ ಭಟ್ರು:

ಸೋರ್ಸ್ ಇಲ್ಲ ಅಂತ ಕವರೇಜ್, ಅಂದ್ರೆ ಕೋಡಿನ ಯಾವ ಯಾವ ಭಾಗ ಓಡಿತು ಅಂತ ನೋಡುವ ಆಸೆ ಬಿಡ್ಬೇಡಿ ಮಾರಾಯ್ರೆ, ವಿನ್‌ಎಎಫ್‌ಎಲ್ ಅಂತ ಉಂಟು, ಡೈನಮೋರಿಯೋ ಎಂಬ ಟೂಲ್ ಬಳಸಿ ವಿಂಡೋಸ್ ಬೈನರಿಯನ್ನೇ ಓಡ್ತಾ ಇರುವಾಗ ಗಮನಿಸ್ತದೆ. ಆದ್ರೆ ಫೈಲ್ ಓದುವ ಫಂಕ್ಷನ್ ಎಲ್ಲುಂಟು ಅಂತ ನೀವೇ ಹುಡುಕಿ ಕೊಡ್ಬೇಕು, ಅದಕ್ಕೆ ಒಂದು ಮಧ್ಯಾಹ್ನ ಸಾಲುದಿಲ್ಲ.

ನಾನು ಬರೆದದ್ದು ಬೇರೆಯದಕ್ಕೆ. ಇಂಪ್ರೂವ್‌ಮೆಂಟ್ ಇಂಪ್ರೂವ್‌ಮೆಂಟ್ ಅಂತ ಹೇಳ್ತೀರಲ್ಲ, ಇಂಪ್ರೂವ್ ಆಯ್ತು ಅಂತ ಗೊತ್ತಾಗುದು ಹೇಗೆ? ನಾನೊಮ್ಮೆ ಹೊಸ ಮ್ಯುಟೇಶನ್, ಅಂದ್ರೆ ಬೈಟ್ ಕೆಡಿಸುವ ಹೊಸ ವಿಧಾನ, ಬರೆದೆ, ಒಂದು ರಾತ್ರಿ ಓಡಿಸಿದೆ, ಹಳೆಯದಕ್ಕೆ 3 ಕ್ರಾಶ್, ಹೊಸದಕ್ಕೆ 9. ಇಡೀ ಟೀಮಿಗೆ ಪಾರ್ಟಿ ಕೊಟ್ಟೆ. ಮತ್ತೆ ಎರಡನ್ನೂ ಹತ್ತತ್ತು ಸರ್ತಿ ಬೇರೆ ಬೇರೆ ಸೀಡಲ್ಲಿ ಓಡಿಸಿದ್ರೆ ಒಮ್ಮೆ ಇದು ಮೇಲೆ, ಒಮ್ಮೆ ಅದು ಮೇಲೆ, ಲೆಕ್ಕಕ್ಕೆ ಎಂತದೂ ಇಲ್ಲ. ಆ 9 ಕ್ರಾಶಿನಲ್ಲೂ ಕೋಡಿನಲ್ಲಿ ಎಲ್ಲಿ ಬಿತ್ತು ಅಂತ ಸ್ಟ್ಯಾಕ್ ನೋಡಿದ್ರೆ 7 ಒಂದೇ ಬಗ್. ಪಾರ್ಟಿಯ ಬಿಲ್ ಮಾತ್ರ ನಿಜ. ಫಜಿಂಗ್ ಬಗ್ಗೆ ಬಂದಿದ್ದ 32 ಪೇಪರ್‌ಗಳನ್ನು 2018ರಲ್ಲಿ ಕೂತು ಪರೀಕ್ಷೆ ಮಾಡಿದ ಒಂದು ಅಧ್ಯಯನ ಉಂಟು, ಎಲ್ಲದರಲ್ಲೂ ಪ್ರಯೋಗ ಮಾಡಿದ ರೀತಿಯಲ್ಲಿ ಒಂದಲ್ಲ ಒಂದು ಹುಳುಕು ಸಿಕ್ಕಿತು ಅವರಿಗೆ. ದೊಡ್ಡ ದೊಡ್ಡವರದ್ದೇ ಹಾಗಾದ್ರೆ ನಮ್ಮದೆಂತ. ಅದಕ್ಕೇ ನಿಮ್ಮ ಟೂಲಿಗೆ ಇಷ್ಟು ಗಂಟೆ ಓಡಿ ತಾನಾಗೇ ನಿಲ್ಲುವ ಒಂದು ಆಪ್ಷನ್ ಬೇಕು, ಎಎಫ್‌ಎಲ್ ಪ್ಲಸ್ ಪ್ಲಸಲ್ಲಿ ಮೈನಸ್ ದೊಡ್ಡ ವಿ ಅಂತ ಉಂಟಲ್ಲ, ಹಾಗೆ. ಅದಿಲ್ಲದಿದ್ರೆ ಎರಡನ್ನು ಸಮ ಸಮ ಹೋಲಿಸ್ಲಿಕ್ಕೇ ಆಗುದಿಲ್ಲ.

ಕೇಳಿದವನು:

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ಬರುತ್ತೆ ಅಂದ್ಕೊಂಡಿರ್ಲಿಲ್ಲ. ಮೇಷ್ಟ್ರೇ, ನಿಮ್ಮ ಸೊನ್ನೆ ಕ್ರಾಶ್ ಮೇಲ್ ಕಥೆ ನಮ್ಮ ಮ್ಯಾನೇಜರ್‌ಗೂ ಓದಿ ಹೇಳ್ದೆ. ಎಂಟು ಕೋರ್ ವಿಷ್ಯ ಯಾರಾದ್ರೂ ಹೇಳ್ತೀರಾ? ಅದಕ್ಕೇ ಜಾಸ್ತಿ ಒತ್ತಾಯ ಇರೋದು.

ರಾತ್ರಿಪಾಳಿ:

ಅದಕ್ಕೂ ಸೀಡೇ ಉತ್ತರ, ನಗಬೇಡ. ನಾವು ಎಂಟು ಪ್ರೋಸೆಸ್ ಒಂದು ಲೂಪಲ್ಲಿ ಶುರು ಮಾಡಿದ್ವಿ, ಎಂಟೂ ಒಂದೇ ಸೆಕೆಂಡಲ್ಲಿ ಎದ್ವು, ಗಡಿಯಾರ ನೋಡಿ ಸೀಡ್ ತಗೊಂಡ್ವು, ಸೆಕೆಂಡ್ ಲೆಕ್ಕದ ಗಡಿಯಾರ ಆದ್ರಿಂದ ಎಂಟಕ್ಕೂ ಒಂದೇ ಸೀಡು. ಒಂದೇ ಫೈಲು, ಒಂದೇ ಬೈಟು, ಎಂಟೂ ಒಟ್ಟಿಗೆ ಬೀಳೋದು, ಲಾಗ್ ನೋಡಿದ್ರೆ ಕವಾಯತು ನೋಡಿದ ಹಾಗೆ. ಎಂಟು ಪಟ್ಟು ಬಿಸಿ, ಕೆಲ್ಸ ಮಾತ್ರ ಒಂದರದ್ದೇ. ಸೀಡ್‌ಗೆ ಪ್ರೋಸೆಸ್ ನಂಬರ್ ಕೂಡಿಸು, ಮುಗೀತು.

ಫೋಲ್ಡರ್ ಒಂದೊಂದಕ್ಕೆ ಒಂದೊಂದು ಕೊಡು, ಒಂದೇ ಫೋಲ್ಡರಿಗೆ ಎಂಟೂ ಬರೆಯೋಕೆ ಬಿಡ್ಬೇಡ, ಫೈಲಿನ ಹೆಸರು ಒಂದೇ ಆಗಿ ಒಂದರ ಮೇಲೊಂದು ಬರ್ಕೊಂಡು ಹೋಗುತ್ತೆ. ಎಎಫ್‌ಎಲ್‌ನಲ್ಲೂ ಅಷ್ಟೇ, ಮುಖ್ಯ ಆದ ಒಂದಕ್ಕೆ ಮೈನಸ್ ದೊಡ್ಡ ಎಮ್, ಮಿಕ್ಕಿದ್ದಕ್ಕೆಲ್ಲ ಮೈನಸ್ ದೊಡ್ಡ ಎಸ್, ಒಬ್ಬೊಬ್ರದ್ದು ಒಂದೊಂದು ಫೋಲ್ಡರು, ಆಗಾಗ ಪಕ್ಕದವರ ಫೋಲ್ಡರ್ ಇಣುಕಿ ನೋಡಿ ಹೊಸದಿದ್ರೆ ತಗೊಳ್ತವೆ. ಕವರೇಜ್ ಇಲ್ದೆ ನಿಂಗೆ ಇಣುಕೋ ಕೆಲ್ಸಾನೂ ಇಲ್ಲ.

ಹುಬ್ಬಳ್ಳಿ ಲಿನಕ್ಸ್:

ಮ್ಯಾನೇಜರ್ ಸಾಹೇಬ್ರ ಬಣ್ಣದ ಸ್ಕ್ರೀನಿಗೂ ಒಂದು ದಾರಿ ಅದರಿ. ಟೂಲಿನೊಳಗ ಹಾಕಬ್ಯಾಡ್ರಿ, ಐದ್ ಸೆಕೆಂಡಿಗೊಮ್ಮೆ ಒಂದು ಸ್ಟೇಟಸ್ ಫೈಲ್ ಬರೀರಿ, ಅದನ್ನ ಓದಿ ಬಣ್ಣಾ ಹಚ್ಚೂ ಸ್ಕ್ರಿಪ್ಟ್ ಬ್ಯಾರೆ ಇರ್ಲಿ, ಅದನ್ನ ಇಂಟರ್ನ್ ಹುಡುಗಗ ಕೊಡ್ರಿ, ಖುಷಿಲೆ ಮಾಡ್ತಾನ.

ಕೇಳಿದವನು:

ಮೂರು ವಾರ ಆಯ್ತು, ಏನಾಯ್ತು ಅಂತ ಹೇಳೋಣ ಅಂತ ಬಂದೆ. ಮೊದಲ ಮಧ್ಯಾಹ್ನ ಸೀಡು ಮತ್ತೆ ಫೈಲ್ ಮೊದ್ಲೇ ಸೇವ್ ಮಾಡೋದು, ಎರಡನೇ ವಾರ ಟೈಮೌಟು, ಇಷ್ಟು ಗಂಟೆ ಓಡಿ ನಿಲ್ಲೋದು. ಡಿಕ್ಷನರಿ ಮೊನ್ನೆ ಹಾಕ್ದೆ, ಅಕ್ಕಿರೊಟ್ಟಿಯವ್ರು ಹೇಳಿದ ಹಾಗೆ ನುಡಿಯ ತುಂಡುಗಳೇ, ಒಟ್ಟು 14. ಕಾಫಿ ಕುಡ್ಕೊಂಡು ಬರೋಷ್ಟರಲ್ಲಿ ಬಿದ್ದಿತ್ತು. ಫೈಲ್ ತೆಗೆದು ನೋಡಿದ್ರೆ ಒಂದು ಖಾಲಿ ಲೈನು, ಅದರ ಕೆಳಗೆ ಒಂಟಿ ಅರ್ಕಾವತ್ತು, ಮುಂದೆ ಹಿಂದೆ ಯಾರೂ ಇಲ್ಲ. ಅದೇ ಸೀಡಲ್ಲಿ ಮತ್ತೆ ಓಡಿಸ್ದೆ, ಅದೇ ಜಾಗದಲ್ಲೇ ಮತ್ತೆ ಬಿತ್ತು. ಆ್ಯಂಟಿವೈರಸ್ ತೆಗೆಸೋಕೆ ಐಟಿಯವ್ರಿಗೆ ಟಿಕೆಟ್ ಹಾಕಿದೀನಿ, ಅದಿನ್ನೂ ಅಪ್ರೂವಲ್‌ನಲ್ಲೇ ಇದೆ. ಬಣ್ಣದ ಸ್ಕ್ರೀನ್ ಇಂಟರ್ನ್ ಹುಡುಗಿ ಮಾಡ್ತಿದಾಳೆ, ಕ್ರಾಶ್ ಬಂದಾಗ ಗಂಟೆ ಹೊಡೀಬೇಕಾ ಅಂತ ಕೇಳಿದ್ಲು, ಬೇಡಮ್ಮ ಅಂದಿದೀನಿ.