ಹಳ್ಳಿಯ ಗ್ರಂಥಾಲಯದಲ್ಲಿ ಕೋಡಿಂಗ್ ಕ್ಲಬ್: ಮೊದಲ ವಾರದಿಂದಲೇ ಎಐ (ಕೃತಕ ಬುದ್ಧಿಮತ್ತೆ) ಕಲಿಸಬೇಕೇ?

ಎಡದಂಡೆ ಓದುಗ (ಕಾರಟಗಿ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ನಾನು ಕೊಪ್ಪಳ ಜಿಲ್ಲೆಯ ಕಾರಟಗಿ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕ. ನಮ್ಮ ಕೋಣೆಗೆ ಅರಿವು ಕೇಂದ್ರವೆಂಬ ಹೊಸ ಬೋರ್ಡು ಬಂದಾಗ ಅದರೊಂದಿಗೆ ನಾಲ್ಕು ಕಂಪ್ಯೂಟರುಗಳೂ ಬಂದವು. ಅವುಗಳಲ್ಲಿ ಒಂದು ಆನ್ ಆಗುವುದಿಲ್ಲ, ಉಳಿದ ಮೂರರಲ್ಲಿ ಹುಡುಗರು ಪರೀಕ್ಷೆಯ ಫಲಿತಾಂಶ ನೋಡುತ್ತಾರೆ, ಇಲ್ಲವೇ ಆಟವಾಡುತ್ತಾರೆ. ಶನಿವಾರ ಶಾಲೆ ಬಿಟ್ಟ ಮೇಲೆ ಏಳನೆಯ ತರಗತಿಯಿಂದ ಪಿಯುಸಿವರೆಗಿನ ಇಪ್ಪತ್ತು ಮಕ್ಕಳನ್ನು ಕೂಡಿಸಿಕೊಂಡು ಕೋಡಿಂಗ್, ಅಂದರೆ ಕಂಪ್ಯೂಟರಿಗೆ ಆಜ್ಞೆ ಬರೆಯುವುದನ್ನು, ಕಲಿಸುವ ಒಂದು ಕ್ಲಬ್ ಆರಂಭಿಸಬೇಕೆಂಬುದು ನನ್ನ ಬಹುದಿನದ ಆಸೆ. ನಾನು ಓದಿದ್ದು ಬಿ.ಎ.; ಪ್ರೋಗ್ರಾಂ ಬರೆಯುವ ಪೈಥಾನ್ ಎಂಬ ಭಾಷೆಯನ್ನು ಮೊಬೈಲಿನಲ್ಲಿ ವಿಡಿಯೊ ನೋಡಿ ಒಂದಿಷ್ಟು ಕಲಿತಿದ್ದೇನೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನಮ್ಮೂರಿನ ಹುಡುಗನೊಬ್ಬ ತಿಂಗಳಿಗೊಮ್ಮೆ ಬಂದು ಹೇಳಿಕೊಡುತ್ತೇನೆಂದು ಮಾತು ಕೊಟ್ಟಿದ್ದಾನೆ.

ತೊಡಕಿರುವುದು ಪೋಷಕರ ಕಡೆಯಿಂದ. ಕ್ಲಬ್ಬಿನ ವಿಷಯ ತೆಗೆದರೆ ಸಾಕು, "ಕೋಡಿಂಗ್ ಹಳೇದಾತ್ರಿ ಸರ, ಎಐ ಕಲಸ್ರಿ" ಎನ್ನುತ್ತಾರೆ. ಅವರನ್ನು ದೂರುವಂತಿಲ್ಲ, ಪಟ್ಟಣದ ಗೋಡೆಗಳ ಮೇಲೆಲ್ಲ ಅದೇ ಬರಹವಿದೆ. ಆದರೆ ನನ್ನ ಅಣ್ಣನ ಮಗ ಭತ್ತ ಮಾರಿದ ದುಡ್ಡಿನಲ್ಲಿ ಒಂದು ಖಾಸಗಿ ತರಬೇತಿ ಕೇಂದ್ರಕ್ಕೆ ಶುಲ್ಕ ಕಟ್ಟಿ ಮೂರು ತಿಂಗಳ ಎಐ ಕೋರ್ಸ್ ಮುಗಿಸಿ ಬಂದಿದ್ದಾನೆ; ಲ್ಯಾಮಿನೇಷನ್ ಮಾಡಿಸಿದ ಪ್ರಮಾಣಪತ್ರವೂ ಇದೆ. 1ರಿಂದ 100ರವರೆಗಿನ ಸಮಸಂಖ್ಯೆಗಳನ್ನು ಕೂಡಿಸುವ ಪ್ರೋಗ್ರಾಂ ಬರೆಯೆಂದರೆ ಮಾತ್ರ ಕೂಡಲೇ, ಕೇಳಿದ್ದಕ್ಕೆ ಉತ್ತರ ಬರೆದುಕೊಡುವ ಎಐ ಚಾಟ್‌ಬಾಟ್ ಆದ ಚಾಟ್‌ಜಿಪಿಟಿಯನ್ನು ತೆರೆಯುತ್ತಾನೆ, ಬಂದ ಉತ್ತರ ಸರಿಯೋ ತಪ್ಪೋ ಎಂದು ಕೇಳಿದರೆ ನನ್ನ ಮುಖ ನೋಡುತ್ತಾನೆ.

ಹೀಗಿರುವಾಗ ಎಲ್ಲಿಂದ ಆರಂಭಿಸಬೇಕು, ಪಾಠವನ್ನು ಎಷ್ಟರಮಟ್ಟಿಗೆ ಕನ್ನಡದಲ್ಲಿ ನಡೆಸಲು ಸಾಧ್ಯ, ಮೂರೇ ಕಂಪ್ಯೂಟರುಗಳಲ್ಲಿ ಇಪ್ಪತ್ತು ಮಕ್ಕಳನ್ನು ಹೇಗೆ ನಿಭಾಯಿಸುವುದು ಎಂಬುದನ್ನು ಈ ಕೆಲಸ ಮಾಡಿ ಅನುಭವವಿರುವವರು ತಿಳಿಸಬೇಕೆಂದು ವಿನಂತಿ.


ಬೆಟ್ಟದ ಕೋಟೆ (ರಾಯಚೂರು)

ಸರ್, ನಾವು ನಾಲ್ಕೈದು ಜನ ಗೆಳೆಯರು ರಾಯಚೂರಿನ ಒಂದು ಬಡಾವಣೆಯ ಸಮುದಾಯ ಭವನದಲ್ಲಿ ಭಾನುವಾರದ ಕ್ಲಬ್ ನಡೆಸುತ್ತಿದ್ದೇವೆ. ನಿಮಗೆ ಬಂದ ಒತ್ತಡವೇ ನಮಗೂ ಬಂದಿತ್ತು, ನಾವು ಅದಕ್ಕೆ ಮಣಿದು ಮೊದಲ ವಾರವೇ ಚಾಟ್‌ಬಾಟ್ ತೋರಿಸಿದೆವು. ಮಕ್ಕಳು ಚಪ್ಪಾಳೆ ತಟ್ಟಿದರು. ಎರಡನೆಯ ವಾರ ಅರ್ಧದಷ್ಟು ಮಕ್ಕಳು ಬರಲಿಲ್ಲ, ಏಕೆಂದರೆ ನಾವು ತೋರಿಸಿದ್ದನ್ನು ಅವರು ಮನೆಯಲ್ಲಿ ಅಪ್ಪನ ಫೋನಿನಲ್ಲೇ ಮಾಡಿಕೊಳ್ಳಬಹುದಾಗಿತ್ತು.

ಈಗ ನಾವು ಹಿಡಿದಿರುವ ದಾರಿ ಬೇರೆ. ಏಳು, ಎಂಟನೆಯ ತರಗತಿಯವರಿಗೆ ಸ್ಕ್ರ್ಯಾಚ್. ಅಮೆರಿಕದ ಎಂಐಟಿಯವರು 2007ರಲ್ಲಿ ಬಿಡುಗಡೆ ಮಾಡಿದ ಇದರಲ್ಲಿ ಆಜ್ಞೆಗಳು ಬಣ್ಣದ ತುಂಡುಗಳಾಗಿರುತ್ತವೆ, ಒಂದಕ್ಕೊಂದು ಜೋಡಿಸಿದರೆ ಪ್ರೋಗ್ರಾಂ ಆಗುತ್ತದೆ. ಅಂತರ್ಜಾಲವಿಲ್ಲದೆ ನಡೆಯುವ ಆವೃತ್ತಿಯನ್ನು ಪೆನ್‌ಡ್ರೈವಿನಲ್ಲಿ ಒಯ್ದು ಹಾಕಬಹುದು. ಒಂಬತ್ತರಿಂದ ಮೇಲಿನವರಿಗೆ ನೇರವಾಗಿ ಪೈಥಾನ್, ಅದಕ್ಕೆ ಥಾನಿ ಎಂಬ ಉಚಿತ ಸಾಫ್ಟ್‌ವೇರ್ ಸಾಕು, ಹಳೆಯ ಕಂಪ್ಯೂಟರಿನಲ್ಲೂ ನಡೆಯುತ್ತದೆ. ಎಐ ಬರುವುದು ಮೂರನೆಯ ತಿಂಗಳಲ್ಲಿ, ಅದೂ ಪ್ರಶ್ನೆ ಕೇಳಿ ಉತ್ತರ ಪಡೆಯುವ ರೂಪದಲ್ಲಿ ಅಲ್ಲ, ಮಕ್ಕಳೇ ಯಂತ್ರಕ್ಕೆ ಪಾಠ ಹೇಳುವ ರೂಪದಲ್ಲಿ.

ಒಂದು ಉದಾಹರಣೆ ಕೊಡುತ್ತೇನೆ. ಗೂಗಲ್‌ನವರ ಟೀಚೆಬಲ್ ಮಷೀನ್ ಎಂಬ ಉಚಿತ ತಾಣದಲ್ಲಿ ಚಿತ್ರಗಳನ್ನು ತೋರಿಸಿ ಕಂಪ್ಯೂಟರಿಗೆ ಗುರುತು ಹಿಡಿಯಲು ಕಲಿಸಬಹುದು. ನಮ್ಮ ಮಕ್ಕಳು ಆಯ್ದುಕೊಂಡದ್ದು ಮೆಣಸಿನಕಾಯಿ: ಬ್ಯಾಡಗಿ ಒಂದು ಗುಂಪು, ಗುಂಟೂರು ಇನ್ನೊಂದು. ಒಣಗಿದ ಬ್ಯಾಡಗಿಯ ಸಿಪ್ಪೆ ಸುಕ್ಕುಸುಕ್ಕಾಗಿರುತ್ತದೆ, ಗುಂಟೂರಿನದು ನುಣುಪು. ಇದು ನಮ್ಮ ಕಡೆಯ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾದ ವಿಷಯವಲ್ಲ. ಪ್ರತಿ ಗುಂಪಿಗೆ 40 ಫೋಟೊ ತೆಗೆದರು, ಕಲಿಸಿದರು, ಪರೀಕ್ಷೆ ಮಾಡಿದರೆ ಒಂದೂ ತಪ್ಪಿಲ್ಲ. ಎಲ್ಲರೂ ಬೀಗುತ್ತಿರುವಾಗ ಒಬ್ಬ ಹುಡುಗ ತುಂಟತನಕ್ಕೆ ಸ್ಟೀಲ್ ತಟ್ಟೆಯಲ್ಲಿ ಭವನದ ಬೀಗದ ಕೈ ಇಟ್ಟು ಕ್ಯಾಮೆರಾಕ್ಕೆ ಹಿಡಿದ. ಯಂತ್ರ ಕಿಂಚಿತ್ತೂ ಅನುಮಾನವಿಲ್ಲದೆ "ಗುಂಟೂರು" ಎಂದಿತು. ಹುಡುಕಿ ನೋಡಿದರೆ ಕಾರಣ ಸರಳವಾಗಿತ್ತು: ಬ್ಯಾಡಗಿಯ ಫೋಟೊಗಳನ್ನೆಲ್ಲ ಗೋಣಿಚೀಲದ ಮೇಲೆ, ಗುಂಟೂರಿನ ಫೋಟೊಗಳನ್ನೆಲ್ಲ ಒಬ್ಬಳ ಮನೆಯ ಸ್ಟೀಲ್ ತಟ್ಟೆಯಲ್ಲಿ ತೆಗೆದಿದ್ದರು. ಯಂತ್ರ ಕಲಿತದ್ದು ಮೆಣಸಿನಕಾಯಿಯನ್ನಲ್ಲ, ತಟ್ಟೆಯನ್ನು. ಮುಂದಿನ ವಾರ ತಟ್ಟೆ, ಚೀಲ, ನೆಲ, ಅಂಗೈ, ಎಲ್ಲದರ ಮೇಲೂ ಎರಡೂ ಜಾತಿಯನ್ನಿಟ್ಟು ಹೊಸದಾಗಿ ಫೋಟೊ ತೆಗೆದರು. ಈ ತಾಣವನ್ನು ತೆರೆಯಲು ಅಂತರ್ಜಾಲ ಬೇಕು. ಆದರೆ ಕಲಿಕೆ ನಡೆಯುವುದು ನಮ್ಮ ಕಂಪ್ಯೂಟರಿನ ಬ್ರೌಸರಿನಲ್ಲಿಯೇ, ನಾವಾಗಿ ಉಳಿಸಿ ಕಳುಹಿಸದ ಹೊರತು ಚಿತ್ರಗಳು ಹೊರಗೆ ಹೋಗುವುದಿಲ್ಲ.

ಇನ್ನು ಕನ್ನಡದ ಮಾತು. ಪೈಥಾನ್ 3ರಲ್ಲಿ ಆಜ್ಞೆಗಳು ಇಂಗ್ಲಿಷಿನವೇ ಆದರೂ ನಾವಿಡುವ ಹೆಸರುಗಳು ಕನ್ನಡದಲ್ಲಿರಬಹುದು. "ಅಂಕ", "ಮೊತ್ತ", "ಬೆಲೆ" ಎಂದು ಬರೆದರೆ ಅದು ಒಪ್ಪಿಕೊಳ್ಳುತ್ತದೆ. ಒಂದೇ ಎಚ್ಚರಿಕೆ: "ಮಾರ್ಕ್ಸ್‌ಕಾರ್ಡ್" ಎಂಬಂಥ ಪದಗಳಲ್ಲಿ ಒತ್ತಕ್ಷರ ಕೂಡಿಕೊಳ್ಳದಿರಲೆಂದು ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಇರುತ್ತದೆ, ಅದನ್ನು ಪೈಥಾನ್ ಹೆಸರಿನೊಳಗೆ ಸೇರಿಸಿಕೊಳ್ಳದೆ ದೋಷ ತೋರಿಸುತ್ತದೆ. ನಾವು ಅರ್ಧ ತಾಸು ಪರದೆಯನ್ನು ದಿಟ್ಟಿಸಿದ ಮೇಲೆ ಇದು ತಿಳಿಯಿತು.

ಇದಕ್ಕಿಂತ ರಂಜನೀಯವಾದದ್ದು ಪದದ ಉದ್ದದ ಲೆಕ್ಕ. "ಕೊಪ್ಪಳ" ಎಂಬ ಪದ ಎಷ್ಟು ಉದ್ದವೆಂದು ಪೈಥಾನನ್ನು ಕೇಳಿದರೆ 6 ಎನ್ನುತ್ತದೆ, "ಮೂರಕ್ಷರ ಅಲ್ಲೇನ್ರಿ?" ಎಂದು ಮಕ್ಕಳು ಜಗಳಕ್ಕೆ ನಿಲ್ಲುತ್ತಾರೆ. ಕ, ಅದರ ಒಕಾರ, ಪ, ಅರ್ಧಾಕ್ಷರದ ಗುರುತು, ಇನ್ನೊಂದು ಪ, ಕೊನೆಗೆ ಳ ಎಂದು ಯಂತ್ರ ಬಿಡಿಬಿಡಿಯಾಗಿ ಎಣಿಸುತ್ತದೆ. ಅದೇ ಪದವನ್ನು ಹಿಂದುಮುಂದಾಗಿಸಿದರೆ "ಳಪ್ಪೊಕ" ಬರುತ್ತದೆ. ಕಕಾರದ ಒತ್ವ ಜಾರಿ ಪಕಾರದ ಮೇಲೆ ಕೂತಿರುತ್ತದೆ. ಕನ್ನಡ ಕಂಪ್ಯೂಟರಿನೊಳಗೆ ಹೇಗೆ ಇರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.


ಗಣಿತದ ಮೇಷ್ಟ್ರು (ಬಳ್ಳಾರಿ)

ಮೇಲ್ವಿಚಾರಕರೇ, ನಾನು ಪ್ರೌಢಶಾಲೆಯಲ್ಲಿ ಗಣಿತ ಹೇಳಿ ನಿವೃತ್ತನಾದವನು, ಈಗ ನಮ್ಮ ಓಣಿಯ ಮಕ್ಕಳಿಗೆ ಮನೆಯ ಪಡಸಾಲೆಯಲ್ಲಿ ಎರಡು ಹಳೆಯ ಲ್ಯಾಪ್‌ಟಾಪ್ ಇಟ್ಟುಕೊಂಡು ಕಲಿಸುತ್ತೇನೆ. ರಾಯಚೂರಿನವರ ಮೆಣಸಿನಕಾಯಿಯ ಪಾಠ ಸೊಗಸಾಗಿದೆ. ಆದರೂ ಮೊದಲ ವರ್ಷ ಎಐ ಎಂಬ ಶಬ್ದವನ್ನೇ ಎತ್ತಬಾರದು ಎಂಬುದು ನನ್ನ ಅಭಿಪ್ರಾಯ. ಮಗ್ಗಿ ಬಾರದವನ ಕೈಗೆ ಕ್ಯಾಲ್ಕುಲೇಟರ್ ಕೊಟ್ಟು ಏನಾಯಿತೆಂಬುದನ್ನು ಮೂವತ್ತು ವರ್ಷ ಕಣ್ಣಾರೆ ಕಂಡಿದ್ದೇನೆ.

ಕಂಪ್ಯೂಟರ್ ಮೂರೇ ಇವೆಯೆಂದು ಕೊರಗಬೇಡಿ. ಇಪ್ಪತ್ತು ಇದ್ದಿದ್ದರೆ ಇಪ್ಪತ್ತು ಮಕ್ಕಳೂ ಒಬ್ಬೊಬ್ಬರಾಗಿ ಆಟವಾಡುತ್ತಿದ್ದರು. ನನ್ನಲ್ಲಿ ಕೀಬೋರ್ಡ್ ಒಬ್ಬರ ಕೈಯಲ್ಲಿ, ನೋಟ್‌ಬುಕ್ ಪಕ್ಕದವರ ಕೈಯಲ್ಲಿ. ನೋಟ್‌ಬುಕ್ಕಿನಲ್ಲಿ ಬರೆಯದೇ ಇದ್ದುದನ್ನು ಕೀಬೋರ್ಡಿನಲ್ಲಿ ಒತ್ತುವಂತಿಲ್ಲ, ಹತ್ತು ನಿಮಿಷಕ್ಕೊಮ್ಮೆ ಜಾಗ ಬದಲು. ಉಳಿದವರು ನೆಲದ ಮೇಲೆ ಸೀಮೆಸುಣ್ಣದಲ್ಲಿ ಅದೇ ಲೆಕ್ಕವನ್ನು ಬಿಡಿಸುತ್ತಿರುತ್ತಾರೆ.

ಪೈಥಾನಿನೊಂದಿಗೇ ಬರುವ "ಟರ್ಟಲ್" ಎಂಬುದರಲ್ಲಿ ಒಂದು ಪುಟ್ಟ ಬಾಣ ಮುಂದೆ ಹೋಗುತ್ತದೆ, ತಿರುಗುತ್ತದೆ, ಹೋದ ದಾರಿಯಲ್ಲಿ ಗೆರೆ ಎಳೆಯುತ್ತದೆ. ಸಮಬಾಹು ತ್ರಿಭುಜ ಬರೆಯಿರಿ ಎಂದರೆ ಪ್ರತಿ ವರ್ಷವೂ ಮಕ್ಕಳು 60 ಡಿಗ್ರಿ ತಿರುಗಿಸುತ್ತಾರೆ, ಏಕೆಂದರೆ ಪುಸ್ತಕದಲ್ಲಿ ಹಾಗೆಯೇ ಇದೆ, ತ್ರಿಭುಜ ಮುಚ್ಚಿಕೊಳ್ಳುವುದಿಲ್ಲ. ನಾನು ಉತ್ತರ ಹೇಳುವುದಿಲ್ಲ. ಒಬ್ಬರನ್ನು ಎಬ್ಬಿಸಿ ಅಂಗಳದಲ್ಲಿ ಬರೆದ ತ್ರಿಭುಜದ ಗೆರೆಯ ಮೇಲೆ ನಡೆಸುತ್ತೇನೆ. ಮೂಲೆಗೆ ಬಂದಾಗ ತಮ್ಮ ಮೈ ಎಷ್ಟು ಹೊರಳಿತೆಂದು ಅವರಿಗೇ ಗೊತ್ತಾಗುತ್ತದೆ, 120 ಎಂದು ತಾವೇ ಕೂಗುತ್ತಾರೆ. ಅದೇ 60 ಡಿಗ್ರಿಯನ್ನು ಆರು ಸಲ ತಿರುಗಿಸಿದರೆ ಷಟ್ಕೋನವಾಗುತ್ತದೆ, ಅದನ್ನೇ ಸುತ್ತ ತಿರುಗಿಸುತ್ತ ಹೋದರೆ ರಂಗೋಲಿಯಾಗುತ್ತದೆ. ಇಲ್ಲಿ ಹೆಣ್ಣುಮಕ್ಕಳು ಗಂಡುಮಕ್ಕಳಿಗಿಂತ ಬಹಳ ಮುಂದೆ. ನಸುಕಿನಲ್ಲಿ ಅಂಗಳ ಸಾರಿಸಿ ಚುಕ್ಕಿ ಇಟ್ಟು ರೂಢಿಯಾದ ಕೈ ಎಲ್ಲಿ ಆವರ್ತನೆಯಿದೆ ಎಂಬುದನ್ನು ಥಟ್ಟನೆ ಹಿಡಿಯುತ್ತದೆ.

ಹೆಣ್ಣುಮಕ್ಕಳ ಮಾತು ಬಂದುದರಿಂದ ನೀವು ಕೇಳದಿದ್ದರೂ ಒಂದು ವಿಷಯ ಸೇರಿಸುತ್ತೇನೆ. ಕ್ಲಬ್ ದೀಪ ಹಚ್ಚುವ ಹೊತ್ತಿಗೆ ಮೊದಲೇ ಮುಗಿಯಬೇಕು, ತಾಯಂದಿರು ಬಂದು ಬಾಗಿಲಲ್ಲಿ ಕೂರುತ್ತೇವೆಂದರೆ ಕೂರಿಸಬೇಕು. ನಾಟಿಯ ತಿಂಗಳಲ್ಲಿ, ಮೆಣಸಿನಕಾಯಿ ಬಿಡಿಸುವ ದಿನಗಳಲ್ಲಿ ಅವರು ಬರಲಾರರು. ಆಗ ಹೊಸ ಪಾಠ ಮಾಡಬೇಡಿ, ಮಾಡಿದರೆ ತಿರುಗಿ ಬಂದವರು ಹಿಂದೆ ಬಿದ್ದೆವೆಂದು ಬಿಟ್ಟೇಬಿಡುತ್ತಾರೆ.


ಕುಷ್ಟಗಿಯ ಮಗಳು (ಈಗ ಹೈದರಾಬಾದ್)

ಮೇಷ್ಟ್ರ ಮಾತಿಗೆ ಎದುರಾಡುತ್ತಿದ್ದೇನೆಂದು ತಿಳಿಯಬಾರದು. ನಾನು ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ, ರಜೆಗೆ ಊರಿಗೆ ಬಂದಾಗಲೆಲ್ಲ ಚಿಕ್ಕಮ್ಮನ ಮಕ್ಕಳ ಫೋನುಗಳನ್ನು ನೋಡುತ್ತೇನೆ. ಗುರುಗಳೇ, ಮೊದಲ ವರ್ಷ ಎಐ ಎಂಬ ಶಬ್ದ ಎತ್ತಬಾರದೆಂದರೆ ಎತ್ತುವವರು ನೀವಲ್ಲ, ಅವರೇ ಈಗಾಗಲೇ ಎತ್ತಿಯಾಗಿದೆ. ಶಾಲೆಯ ಪ್ರಬಂಧ, ರಜಾ ಅರ್ಜಿ ಎಲ್ಲವೂ ಅದರಿಂದಲೇ ಬರುತ್ತಿವೆ. ಕ್ಲಬ್ಬಿನಲ್ಲಿ ಮಾತಾಡದಿದ್ದರೆ ಅದರ ಬಗ್ಗೆ ಹಿರಿಯರೊಂದಿಗೆ ಮಾತಾಡುವ ಜಾಗವೇ ಆ ಮಕ್ಕಳಿಗೆ ಇರುವುದಿಲ್ಲ.

ನಾನು ಮಾಡಿ ನೋಡಿದ ಒಂದು ಪಾಠವಿದೆ. ಕಿನ್ನಾಳದ ನೆಂಟರ ಮನೆಯಲ್ಲಿ ಐದಾರು ಮಕ್ಕಳನ್ನು ಕೂರಿಸಿಕೊಂಡು, ಕಿನ್ನಾಳದ ಗೊಂಬೆಗಳನ್ನು ಯಾವುದರಿಂದ ಮಾಡುತ್ತಾರೆಂದು ಚಾಟ್‌ಬಾಟ್ ಅನ್ನು ಕನ್ನಡದಲ್ಲಿ ಕೇಳಿದೆ. ಜೇಡಿಮಣ್ಣನ್ನು ಸುಟ್ಟು ಮಾಡುತ್ತಾರೆಂದು ಅದು ಸಾಲಂಕೃತವಾಗಿ ಎಂಟು ಸಾಲು ಬರೆಯಿತು. ಗೊಂಬೆ ಮಾಡುವ ಚಿತ್ರಗಾರರ ಮನೆಯ ಪಕ್ಕದಲ್ಲೇ ಬೆಳೆದ ಒಬ್ಬಳು ನಕ್ಕುಬಿಟ್ಟಳು: ಹಗುರವಾದ ಮರ, ಹುಣಸೆಬೀಜದ ಅಂಟು, ಮೇಲೆ ಬಣ್ಣ, ಅವಳು ದಿನವೂ ನೋಡುವುದೇ ಅದು. ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿದಾಗ ಉತ್ತರ ಬೇರೆಯಾಗಿತ್ತು, ಆದರೆ ದನಿಯಲ್ಲಿನ ಭರವಸೆ ಮಾತ್ರ ಅಷ್ಟೇ ಇತ್ತು. ಈ ಯಂತ್ರ ಓದಿದ ಕೋಟ್ಯಂತರ ವಾಕ್ಯಗಳ ಆಧಾರದಲ್ಲಿ ಮುಂದಿನ ತುಣುಕು ಯಾವುದಿರಬಹುದೆಂದು ಊಹಿಸುತ್ತ ಹೋಗುತ್ತದೆ, ಆ ಓದಿನಲ್ಲಿ ಕನ್ನಡದ ಪಾಲು ಕಡಿಮೆ, ನಮ್ಮ ಊರುಗಳ ಪಾಲು ಇನ್ನೂ ಕಡಿಮೆ ಎಂದು ವಿವರಿಸಲು ಅನಂತರ ನನಗೆ ಹತ್ತು ನಿಮಿಷವೂ ಬೇಕಾಗಲಿಲ್ಲ. ತಮಗೆ ಚೆನ್ನಾಗಿ ಗೊತ್ತಿರುವುದನ್ನೇ ಮೊದಲು ಕೇಳಿಸಬೇಕು ಎಂಬುದಷ್ಟೇ ಇದರ ಗುಟ್ಟು. ಗೊತ್ತಿಲ್ಲದ್ದನ್ನು ಕೇಳಿದವರಿಗೆ ತಪ್ಪು ಕಾಣಿಸುವುದೇ ಇಲ್ಲ.

ಮೇಲ್ವಿಚಾರಕರು ಗಮನಿಸಬೇಕಾದ ನಿಯಮಗಳೂ ಇವೆ. ಚಾಟ್‌ಜಿಪಿಟಿಯನ್ನು 13 ವರ್ಷದೊಳಗಿನವರು ಬಳಸುವಂತಿಲ್ಲ, 18ರೊಳಗಿನವರಿಗೆ ಪೋಷಕರ ಅನುಮತಿ ಬೇಕು. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲೂ 18 ತುಂಬದವರೆಲ್ಲ ಮಕ್ಕಳೇ. ಏಳನೆಯ ತರಗತಿಯವರಿಗೆ ಖಾತೆ ತೆರೆಸಬೇಡಿ, ನಿಮ್ಮದೊಂದೇ ಖಾತೆಯಲ್ಲಿ, ಎಲ್ಲರೂ ನೋಡುವಂತೆ, ನೀವೇ ಪ್ರಶ್ನೆ ಹಾಕಿ ತೋರಿಸಿ. ಮಕ್ಕಳ ಹೆಸರು, ಫೋಟೊ, ಶಾಲೆಯ ವಿವರ ಅದಕ್ಕೆ ಹೋಗಬಾರದು.

ಶುಲ್ಕವನ್ನು ದಯವಿಟ್ಟು ಇಡಬೇಡಿ, ಹತ್ತು ರೂಪಾಯಿ ಕೂಡ. 2011ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿದ ಕೋಡರ್‌ಡೋಜೊ, ಮರುವರ್ಷ ಬ್ರಿಟನ್ನಿನಲ್ಲಿ ಆರಂಭವಾದ ಕೋಡ್ ಕ್ಲಬ್, ಎರಡೂ ಮಕ್ಕಳಿಗೆ ಉಚಿತವಾಗಿ, ಸ್ವಯಂಸೇವಕರಿಂದಲೇ ನಡೆದು ಬೇರೆ ದೇಶಗಳಿಗೂ ಹಬ್ಬಿದವು. ಅವರ ಪಾಠದ ಹಾಳೆಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ.


ಎಡದಂಡೆ ಓದುಗ (ಕಾರಟಗಿ ತಾಲ್ಲೂಕು)

ಎಲ್ಲರಿಗೂ ಕೃತಜ್ಞತೆಗಳು. ಮೂರು ಶನಿವಾರಗಳು ಕಳೆದ ಮೇಲೆ ಬರೆಯುತ್ತಿದ್ದೇನೆ. ಮೊದಲ ದಿನ ಹದಿನೇಳು ಮಕ್ಕಳು ಬಂದರು, ಅವರಲ್ಲಿ ಹೆಣ್ಣುಮಕ್ಕಳು ಐವರು. ವೇಳೆಯನ್ನು ನಾಲ್ಕೂವರೆಗೆ ಮುಗಿಯುವಂತೆ ಬದಲಿಸಿದ ಮೇಲೆ ಎಂಟಾಗಿದ್ದಾರೆ. ಕೆಟ್ಟಿದ್ದ ಕಂಪ್ಯೂಟರಿನ ಡಬ್ಬಿಯನ್ನು ಬೆಂಗಳೂರಿನ ಹುಡುಗ ಮಕ್ಕಳ ಎದುರಿಗೇ ಬಿಚ್ಚಿದ. ರ‍್ಯಾಮ್ ಎಂಬ ನೆನಪಿನ ಪಟ್ಟಿಯ ಅಂಚಿಗೆ ಕಿಲುಬು ಹಿಡಿದಿತ್ತು, ಎಂಟನೆಯ ತರಗತಿಯವಳೊಬ್ಬಳು ತನ್ನ ಕಂಪಾಸ್ ಪೆಟ್ಟಿಗೆಯ ರಬ್ಬರಿನಿಂದ ಉಜ್ಜಿ ಕೂರಿಸಿದಳು, ಆನ್ ಆಯಿತು. ಈಗ ನಾಲ್ಕೂ ನಡೆಯುತ್ತಿವೆ.

ಪೋಷಕರಿಗೆ ಮೆಣಸಿನಕಾಯಿಯ ಕಥೆಯನ್ನು ಹೇಳಿ, ಮೂರನೆಯ ತಿಂಗಳು ಅದನ್ನು ನಮ್ಮ ಮಕ್ಕಳೂ ಮಾಡುತ್ತಾರೆಂದು ಒಪ್ಪಿಸಿದ್ದೇನೆ. ಮೇಷ್ಟ್ರು ಕ್ಷಮಿಸಬೇಕು, ಒಂದು ವರ್ಷ ಕಾಯುವಷ್ಟು ತಾಳ್ಮೆ ಇಲ್ಲಿ ಯಾರಿಗೂ ಇಲ್ಲ. ಟರ್ಟಲ್ ಮಾತ್ರ ನಿಮ್ಮ ಕ್ರಮದಲ್ಲೇ ಆಯಿತು, ಗ್ರಂಥಾಲಯದ ಮುಂದಿನ ಕಟ್ಟೆಯ ಮೇಲೆ ನಡೆಸಿಯೇ.

ಅಣ್ಣನ ಮಗನೂ ಬರುತ್ತಿದ್ದಾನೆ. ಕಳೆದ ವಾರ ಸಮಸಂಖ್ಯೆಗಳ ಮೊತ್ತವನ್ನು ಫೋನ್ ಮುಟ್ಟದೆ ತಾನೇ ಬರೆದ, ಉತ್ತರ 2450 ಬಂತು. ಪಕ್ಕದಲ್ಲಿ ನೋಟ್‌ಬುಕ್ ಹಿಡಿದಿದ್ದ ಹುಡುಗಿ 2ಕ್ಕೆ 100, 4ಕ್ಕೆ 98 ಎಂದು ಜೋಡಿ ಮಾಡಿ 102ರ ಇಪ್ಪತ್ತೈದು ಜೋಡಿಗಳಾಗುತ್ತವೆ, 2550 ಆಗಬೇಕು ಎಂದಳು. ಹೇಳಿದ ಕೊನೆಯ ಸಂಖ್ಯೆಯನ್ನು ಬಿಟ್ಟು ಅದರ ಹಿಂದೆಯೇ ನಿಲ್ಲುವುದು ಪೈಥಾನಿನ ಪದ್ಧತಿ, ಅದರಿಂದ 100 ಲೆಕ್ಕಕ್ಕೆ ಸೇರಿರಲಿಲ್ಲ. ಅದನ್ನು ಕಂಡುಹಿಡಿಯಲು ಅವನಿಗೆ ಮುಕ್ಕಾಲು ತಾಸು ಹಿಡಿಯಿತು, ನಾನು ಬೀಗ ಹಾಕುವುದು ತಡವಾಯಿತು.

ಕೋಡ್ ಕ್ಲಬ್ಬಿನ ಹಾಳೆಗಳನ್ನು ಕನ್ನಡಕ್ಕೆ ತರುವ ಕೆಲಸವನ್ನು ಇಬ್ಬರು ಪಿಯುಸಿ ಹುಡುಗಿಯರು ಕೈಗೆತ್ತಿಕೊಂಡಿದ್ದಾರೆ. ಒಂದೇ ಆಜ್ಞೆಯನ್ನು ಮತ್ತೆ ಮತ್ತೆ ನಡೆಸುವ "ಲೂಪ್" ಎಂಬುದನ್ನು ಹಾಗೆಯೇ ಬಿಡಬೇಕೋ "ಸುತ್ತು" ಎನ್ನಬೇಕೋ ಎಂದು ಅವರಲ್ಲಿ ಜಗಳ ನಡೆದಿದೆ. ಕುಷ್ಟಗಿಯ ಮೇಡಂ ಮತ್ತು ಮೇಷ್ಟ್ರು ತಮ್ಮ ಅಭಿಪ್ರಾಯ ತಿಳಿಸಿದರೆ ಶನಿವಾರದೊಳಗೆ ಅವರಿಗೆ ಮುಟ್ಟಿಸುತ್ತೇನೆ.


ಗಣಿತದ ಮೇಷ್ಟ್ರು (ಬಳ್ಳಾರಿ)

"ಸುತ್ತು" ಇರಲಿ. ಬಾಯಲ್ಲಿ ಲೂಪ್ ಎಂದರೂ ಅಡ್ಡಿಯಿಲ್ಲ. 102ರ ಜೋಡಿ ಮಾಡಿದ ಹುಡುಗಿ ಯಾವ ತರಗತಿಯವಳು?