ಸಹಾಯ ಬೇಕು: ಅಜ್ಜನ ರೆಕಾರ್ಡುಗಳಿಗೆ ಬೂಷ್ಟು ಹಿಡಿದಿದೆ

ಎಲ್ಲರಿಗೂ ನಮಸ್ಕಾರ. ಶಿರಸಿಯ ನಮ್ಮ ಹಳೆ ಮನೆಯ ಅಟ್ಟದಲ್ಲಿ ಅಜ್ಜನ ರೆಕಾರ್ಡ್ ಪೆಟ್ಟಿಗೆ ಸಿಕ್ಕಿತು. ಮಲ್ಲಿಕಾರ್ಜುನ ಮನ್ಸೂರರ ಎರಡು ಎಲ್‌ಪಿ (ಪ್ಲಾಸ್ಟಿಕ್ಕಿನ ದೊಡ್ಡ ರೆಕಾರ್ಡು), ಜಾಝ್ ಪಿಯಾನೋ ವಾದಕ ಡೇವ್ ಬ್ರೂಬೆಕ್ ಅವರದೊಂದು, ತಳದಲ್ಲಿ ಏಳೆಂಟು 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು ತಿರುಗುವ) ಹಳೆಯ ಪ್ಲೇಟು. (ಅಜ್ಜ ಜಾಝ್ ಕೇಳುತ್ತಿದ್ದದ್ದು ಅಜ್ಜಿಗೂ ಗೊತ್ತಿರಲಿಲ್ಲವಂತೆ!) ಮಳೆಗಾಲದ ತೇವಕ್ಕೆ ಎಲ್ಲದರ ಮೇಲೂ ಬೂಷ್ಟು.

ಎಲ್‌ಪಿಗಳನ್ನು ಡಿಸ್ಟಿಲ್ಡ್ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಮೆತ್ತನೆ ಬಟ್ಟೆಯಿಂದ ಗೆರೆಯ ಗುಂಟ ಒರೆಸಿದೆ. ಲೇಬಲ್ ನೆನೆಯಲು ಬಿಡಲಿಲ್ಲ. ಮನ್ಸೂರರ ದನಿ ಚೆನ್ನಾಗಿಯೇ ಬಂತು. ಆದರೆ ಬ್ರೂಬೆಕ್ ಪಿಯಾನೋ ಮೆಲ್ಲಗಾದಾಗಲೆಲ್ಲ ಚಟಪಟ, ಸುಮ್ನೆ ಒಗ್ಗರಣೆ ಸಿಡಿದ ಹಾಗೆ. ಇದು ಗೆರೆಯೊಳಗೆ ಉಳಿದ ಬೂಷ್ಟೋ, ಸವೆತವೋ? ಹೇಗೆ ಪತ್ತೆ ಮಾಡುವುದು?

78ರ ಪ್ಲೇಟುಗಳನ್ನು ಇನ್ನೂ ಮುಟ್ಟಿಲ್ಲ. ಅವು ಅರಗಿನವು, ಸ್ಪಿರಿಟ್ ತಾಗಿದರೆ ಹಾಳಾಗುತ್ತವೆ ಅಲ್ವಾ? ಗೆರೆಯೂ ಅಗಲ. ಗೆರೆಯೊಳಗೆ ಓಡುವ ಎಲ್‌ಪಿ ಮುಳ್ಳಿನ ತುದಿ ಸುಮಾರು 18 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ಆದರೆ ಇವಕ್ಕೆ 75ರ ಹತ್ತಿರ ಬೇಕು. ಒಬ್ಬ ಅಂಗಡಿಯವರು "ಎಲ್ಲಾ ಒಂದೇ, ಹಾಕಿ" ಅಂದರು. ನನಗೆ ಧೈರ್ಯ ಬರಲಿಲ್ಲ.

ಅಂಥ ಮುಳ್ಳು ಹುಬ್ಬಳ್ಳಿ ಅಥವಾ ಬೆಂಗಳೂರಿನಲ್ಲಿ ಎಲ್ಲಿ ಸಿಗುತ್ತದೆ? ಬೆಲೆ ಜಾಸ್ತಿಯಾದರೂ ಪರವಾಗಿಲ್ಲ, ದಯವಿಟ್ಟು ತಿಳಿಸಿ.